ಅವರೆ ಎಲೆಯ ಮೇಲಿನ ಬೂದಿ

ಅಜ್ಜಿ,

ರಜೆಗೆ ಮಾಡದಕೆರೆಗೆ ಬಂದಿದ್ದೇನೆ. ನೀನು ಹಬ್ಬಿಸಿ ಹೋದ ಅವರೆ ಚಪ್ಪರದ ಎಲೆಗಳ ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ನೋಡಿದ ಕೂಡಲೇ ಗಾಬರಿಯಾಯಿತು. ನಮ್ಮ ಕೃಷಿ ಕಾಲೇಜಿನ ಫಸ್ಟ್ ಇಯರ್ ಪಾಠದ ಪೌಡರಿ ಮಿಲ್ಡ್ಯೂ, ಅಂದರೆ ಬೂದಿ ರೋಗ. ಹಾಗೇ ಬಿಟ್ಟರೆ ನಿನ್ನ ಬಳ್ಳಿ ಉಳಿಯುವುದಿಲ್ಲ.

ಅದಕ್ಕೆ ಮದ್ದೆಂದು ಗಂಧಕದ ಪುಡಿ ತಂದರೆ ನಿನ್ನ ಮಗಳು ಗಂಗತ್ತೆ ಅಡ್ಡ ನಿಂತಳು.

"ರೋಗ ಅಲ್ಲ ಕಣೇ. ಅವ್ವ ದಿನಾ ಬೆಳಿಗ್ಗೆ ಒಲೆ ಬೂದಿ ಎರಚ್ತಿರ್ಲಿಲ್ವಾ? ಈಗ್ಲೂ ಬಂದು ಎರಚಿ ಹೋಗ್ತಾಳೆ."

"ಅತ್ತೆ, ಇದು ಫಂಗಸ್!"

"ಯಾವ ಪಂಗಸ್ಸೋ! ಅವ್ವ ಬರಾಕೆ ನಿನ್ ಪರ್ಮಿಷನ್ ಬೇಕೇನೇ, ಮೇಡಮ್ಮೋರೆ?"

"ಬಳ್ಳಿ ಒಣಗಿದರೆ ಅಜ್ಜಿ ಎಲ್ಲಿಗೆ ಬರ್ತಾಳೆ?" ಅಂದೆ. ಅತ್ತೆ ಹೋಗಿ ಬಕೆಟ್ ನೀರು ತಂದಿಟ್ಟಳು.

ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆಂದು ಸಂಜೆಯವರೆಗೆ ಕಾದೆ. ಲೇಬಲ್ ಮತ್ತೆ ಮತ್ತೆ ಓದಿ, ಪುಡಿಯನ್ನು ಅಳೆದು ನೀರಲ್ಲಿ ಕಲಸಿ ಸಿಂಪಡಿಸಿದೆ. ಹಿತ್ತಲ ಬಾಗಿಲ ಕಡೆಯ ಒಂದು ಎಲೆಯನ್ನು ಮಾತ್ರ ಬಿಟ್ಟೆ. ಅದರ ಮೇಲಿರುವುದೂ ರೋಗವೇ ಅಂತ ನನಗೆ ಗೊತ್ತು.

ನೀನು ತೀರಿಹೋದ ವಾರ ನನಗೆ ಇಂಟರ್ನಲ್ಸ್ ಪರೀಕ್ಷೆ ಇತ್ತಲ್ಲ ಅಜ್ಜಿ. ನಾನು ಬರುವಷ್ಟರಲ್ಲಿ ನಿನ್ನ ಒಲೆ ತಣ್ಣಗಾಗಿತ್ತು.

ನಾಳೆ ನೀನು ಬೂದಿ ಎರಚುವ ಹೊತ್ತಿಗೆ ಬೇಗ ಏಳುತ್ತೇನೆ.

ನಿನ್ನ
ಮಾನಸ