ಇಳಿದ ಶ್ರುತಿ

ನೆದರ್ಟನ್, ಡಡ್ಲಿ
ಸೋಮವಾರ, 18 ನವೆಂಬರ್ 2019

ಪ್ರೀತಿಯ ಲೋರ್ನಾ,

ಮೊದಲು ಮುಖ್ಯ ಸುದ್ದಿ. ಅಪ್ಪನ ಗಂಟಲಿನಿಂದ ತೆಗೆದ ಗಂಟು ಕ್ಯಾನ್ಸರ್ ಅಲ್ಲ. ಡಾಕ್ಟರಮ್ಮ ಎರಡು ಸಲ ಹೇಳಿದರು, ನಾನು ಮೂರನೆಯ ಸಲವೂ ಹೇಳಿಸಿಕೊಂಡೆ. ಎರಡನೆಯ ಸುದ್ದಿ, ಮೊನ್ನೆ ಶನಿವಾರ ಅವನು ಡಡ್ಲಿಯಲ್ಲಿ ಹಾಡಿದ. ಇಷ್ಟು ತಿಳಿದ ಮೇಲೆ ಉಳಿದದ್ದನ್ನು ನೀನು ಕಾಲು ಚಾಚಿ ಕುಳಿತು ಓದಬಹುದು.

ಕ್ಯಾನ್ಸರ್ ಎಂಬ ಮಾತು ನಿನ್ನ ಕಿವಿಗೆ ಇವತ್ತೇ ಬೀಳುತ್ತಿದೆ ಎಂದು ಗೊತ್ತು. ಗಂಟಲಿಗೆ ಸಣ್ಣದೊಂದು ಚಿಕಿತ್ಸೆ ಎಂದಷ್ಟೇ ನಿನಗೆ ಹೇಳಿದ್ದೆ. ನಿನಗೆ ಈಗ ಎಂಟನೆಯ ತಿಂಗಳು. ನಿಜ ಹೇಳಿದ್ದರೆ ನೀನು ಅಬರ್ಡೀನಿನಿಂದ ಸಿಕ್ಕ ರೈಲು ಹತ್ತಿ ಬಂದುಬಿಡುತ್ತಿದ್ದೆ. ಬೈಯುವುದಿದ್ದರೆ ಬೈ, ಆದರೆ ಕಾಗದದಲ್ಲಿ ಬೈ. ಫೋನು ಮಾಡಿದರೆ ಅಪ್ಪ ಪಕ್ಕದಲ್ಲೇ ಕುಳಿತಿರುತ್ತಾನೆ, ಎಲ್ಲವನ್ನೂ ಮಾತಾಡಲು ಆಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಜರ್ಮನಿಯ ಬಯಲು ಕಾರ್ಯಕ್ರಮವೊಂದರಲ್ಲಿ 'ಮೂರನೇ ಕುಲುಮೆ' ಹಾಡುವಾಗ ಅವನ ಧ್ವನಿ ಬತ್ತಿ ಹೋಯಿತು. ಆ ಹಾಡಿನ ಕೊನೆಯ ಕೂಗು ನಿನಗೆ ಗೊತ್ತಲ್ಲ. ಹೆವಿ ಮೆಟಲ್ ಕೇಳುವ ಅರ್ಧ ಲೋಕ ಅವನನ್ನು ಗುರುತಿಸುವುದು ಅದರಿಂದಲೇ. ಆ ದಿನ ಕೂಗಿನ ಜಾಗದಲ್ಲಿ ಬರಿ ಗಾಳಿ ಬಂತು. ಊರಿಗೆ ಬಂದು ತೋರಿಸಿದಾಗ ಗಂಟು ಸಿಕ್ಕಿತು. ಆಪರೇಷನ್ ಆದ ಮೇಲೆ ಕೆಲವು ದಿನ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ ಎಂದರು.

ಅಪ್ಪ ಡ್ರಮ್ಮಿನ ಪೆಟ್ಟಿಗೆಯಿಂದ ಒಂದು ಹಸುವಿನ ಗಂಟೆ ತಂದುಕೊಂಡ. ಒಂದು ಸಲ ಬಾರಿಸಿದರೆ ಚಹಾ, ಎರಡು ಸಲ ಬಾರಿಸಿದರೆ ಟಿವಿಯ ರಿಮೋಟು. ಪಕ್ಕದ ಮನೆಯ ಮಿಸೆಸ್ ರೌಂಡ್ ಬೇಲಿಯ ಮೇಲೆ ತಲೆ ಹಾಕಿ, "ಏನ್ ಬೆರಿಲ್, ಹಸು ಗಿಸು ಕಟ್ಟಿದೀಯಾ?" ಎಂದಳು. "ಹೂಂ ಕಣೇ, ಹಾಲು ಕೊಡಲ್ಲ, ಬರೀ ಚಹಾ ಕುಡಿಯುತ್ತೆ" ಎಂದೆ. ನಗು ಬಂತು. ಆದರೆ ಒಳಗೆ ಬಂದು ನೋಡಿದರೆ ಅವನು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ನೋಡುತ್ತಿದ್ದ. ಹದಿನೈದನೆಯ ವಯಸ್ಸಿಗೆ ಕಬ್ಬಿಣ ಬಡಿಯುವ ಕಾರ್ಖಾನೆ ಸೇರಿ, ಯಂತ್ರದ ಸುತ್ತಿಗೆಯ ಸದ್ದಿನ ಮೇಲೆ ಗೆಳೆಯರನ್ನು ಕೂಗಿ ಕರೆದು ಕರೆದು ಬಂದ ಗಂಟಲು ಅದು. ಮೊದಲ ಸಲ ಕಾರ್ಮಿಕರ ಕ್ಲಬ್ಬಿನಲ್ಲಿ ಹಾಡಿದಾಗ, ಬಿಂಗೊ ಆಟದ ನಂಬರು ಕೇಳಿಸುತ್ತಿಲ್ಲವೆಂದು ಇವರ ತಂಡವನ್ನು ಅರ್ಧಕ್ಕೇ ವೇದಿಕೆಯಿಂದ ಇಳಿಸಿದ್ದರು. ಅಲ್ಲಿಂದ ಜಪಾನು, ಬ್ರೆಜಿಲ್. ಆಮೇಲೆ ಯಾರಿಗೂ ಬೇಡವಾದ ವರ್ಷಗಳು. ಆಗ ಅವನು ಬ್ರೆಡ್ಡಿನ ವ್ಯಾನು ಓಡಿಸಿದ್ದು ನಿನಗೆ ನೆನಪಿರಬೇಕು, ನೀನು ಶಾಲೆಗೆ ಅದರಲ್ಲೇ ಹೋಗುತ್ತಿದ್ದೆ. ಆಗಲೂ ಅವನು ಇಷ್ಟು ಕುಗ್ಗಿರಲಿಲ್ಲ. ಬ್ರೆಡ್ಡು ಹಂಚುತ್ತಲೇ ಹಾಡುತ್ತಿದ್ದ.

ಪರೀಕ್ಷೆಯ ವರದಿ ಬಂದ ದಿನ ನಾನು ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅತ್ತೆ. ಅವನು ಅಳಲಿಲ್ಲ. ಜೀವ ಉಳಿಯಿತು, ಧ್ವನಿ ಉಳಿದಿದೆಯೋ ಇಲ್ಲವೋ ಎಂಬುದು ಅವನ ಚಿಂತೆ. ಧ್ವನಿ ತಗ್ಗಿ ಬರಬಹುದು, ಮೇಲಕ್ಕೆ ಎಳೆದರೆ ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. ಧ್ವನಿಯೇನೋ ಬಂತು. ಜಲ್ಲಿಕಲ್ಲನ್ನು ಗಾಡಿಯಿಂದ ಸುರಿದ ಹಾಗಿತ್ತು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಆ ಕೂಗನ್ನು ಹುಡುಕುತ್ತಿದ್ದ. ಸಿಗಲಿಲ್ಲ. ಡಡ್ಲಿಯ ಕಾರ್ಯಕ್ರಮದ ಟಿಕೆಟುಗಳು ಆಗಲೇ ಮಾರಿ ಹೋಗಿದ್ದವು.

ಕಾರ್ಯಕ್ರಮದ ಹಿಂದಿನ ಭಾನುವಾರ ಅಪ್ಪ ತಂಡದ ಗಿಟಾರಿನ ನೆವ್‌ನನ್ನು ಊಟಕ್ಕೆ ಕರೆಸಿದ. ಗಿಟಾರು ತರಲು ಹೇಳಿದ. ಊಟ ಮುಗಿದ ಕೂಡಲೇ ವಿಷಯಕ್ಕೆ ಬಂದ.

"ನೋಡೋ ನೆವ್, ನನ್ ಕೈಲಿ ಆಗಲ್ಲ. ವಾಲ್ಸಾಲ್‌ನಲ್ಲಿ ಒಬ್ಬ ಹುಡುಗ ಇದಾನಂತಲ್ಲ, ನಮ್ಮ ಹಾಡುಗಳನ್ನೇ ಹಾಡ್ಕೊಂಡು ಪಬ್‌ಗಳಲ್ಲಿ ಓಡಾಡ್ತಾನಂತೆ. ಅವನನ್ನ ಕರ್ಸು. ನಾನು ಮುಂದೆ ಕೂತು ಚಪ್ಪಾಳೆ ತಟ್ತೀನಿ."

"ಅವನಿಗೆ ಗಡ್ಡ ಬಂದಿಲ್ಲ ಕಣೋ."

"ಕೂಗು ಬರುತ್ತಲ್ಲ, ಸಾಕು. ನಾವು ರೆಕಾರ್ಡ್ ಮಾಡಿದ ಶ್ರುತೀಲೇ ಹಾಡ್ತಾನಂತೆ. ನಾನೂ ಮೊನ್ನೆವರೆಗೂ ಅದೇ ಶ್ರುತೀಲಿ ಹಾಡ್ತಿದ್ದೆ. ಈಗ ಹೋಯ್ತು. ಮುಗೀತು."

ನೆವ್ ಬಟಾಣಿಯ ಬಟ್ಟಲನ್ನು ಅತ್ತಿತ್ತ ಸರಿಸಿದ. ಅಪ್ಪ ಅಟ್ಟದಿಂದ ಎಪ್ಪತ್ತಾರನೆಯ ಇಸವಿಯ ತಮ್ಮ ರೆಕಾರ್ಡಿನ ತಟ್ಟೆಯನ್ನೂ ಅದನ್ನು ನುಡಿಸುವ ಯಂತ್ರವನ್ನೂ ತಂದ. ತನ್ನ ರೆಕಾರ್ಡುಗಳನ್ನು ಅವನು ಎಂದೂ ಕೇಳುವವನಲ್ಲ. ಕನ್ನಡಿಯಲ್ಲಿ ಬೆನ್ನು ನೋಡಿಕೊಂಡ ಹಾಗೆ ಅನ್ನುತ್ತಾನೆ. ಆದರೂ ಎಷ್ಟು ಕೆಳಗೆ ಬಿದ್ದಿದ್ದೇನೆ ಎಂದು ಅಳೆದು ನೋಡಬೇಕು, ನೀನು ಅದರ ಜೊತೆಗೇ ನುಡಿಸು ಎಂದು ನೆವ್‌ಗೆ ಹೇಳಿದ.

"ಮುಳ್ಳು ಸವೆದಿರುತ್ತೆ ಬಿಡೋ" ಎಂದ ನೆವ್.

"ನುಡಿಸೋ ಮಾರಾಯ."

ನೆವ್ ನುಡಿಸಿದ. ಎರಡು ಬೆಕ್ಕುಗಳು ಒಂದೇ ಚೀಲದೊಳಗೆ ಕಚ್ಚಾಡಿದ ಹಾಗೆ ಕೇಳಿಸಿತು. ತಟ್ಟೆಯ ಹಾಡು ಎತ್ತರದ ಶ್ರುತಿಯಲ್ಲಿದೆ, ಗಿಟಾರು ಕೆಳಗಿದೆ. ಅಪ್ಪ ಹುಬ್ಬು ಗಂಟಿಕ್ಕಿ, ಯಂತ್ರ ಜೋರಾಗಿ ತಿರುಗುತ್ತಿದೆ ಎಂದ. ಗುಂಡಿ ತಿರುಗಿಸಿದ. ಬೆರಳಿಟ್ಟು ತಟ್ಟೆಯನ್ನು ನಿಧಾನಿಸಿದ. ಬೆಲ್ಟು ಕೆಟ್ಟಿದೆ ಎಂದು ಸ್ಕ್ರೂಡ್ರೈವರ್ ತಂದು ಯಂತ್ರವನ್ನು ಮಗುಚಿ ಹಾಕಿ ಬಿಚ್ಚತೊಡಗಿದ. ಎಲ್ಲ ಕೆಟ್ಟಿರಬಹುದು, ನೆವ್‌ನ ಗಿಟಾರು ತಪ್ಪಿರಬಹುದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಐವತ್ತು ವರ್ಷ ಜೊತೆಗಿದ್ದವನಲ್ಲವೇ.

ನಾಲ್ಕನೆಯ ಸ್ಕ್ರೂ ಬಿಚ್ಚುವಾಗ ನೆವ್ ತಡೆಯಲಾರದೆ ಬಾಯಿಬಿಟ್ಟ.

"ಡೆಸ್, ಅದನ್ನ ಬಿಡು. ಯಂತ್ರ ಸರಿಯಾಗೇ ಇದೆ. ನಾವೇ ಕೆಳಗಿರೋದು. ಎರಡು ಸಾವಿರದ ಇಸವೀಲಿ ಪೋಲೆಂಡಿಂದ ಬಂದಾಗಿಂದ ತಂತಿ ಸಡಿಲಿಸಿ ಶ್ರುತಿ ಇಳ್ಸಿದೀವಿ. ಮೊದಲು ಅರ್ಧ ಸ್ವರ, ಆಮೇಲೆ ಪೂರ್ತಿ ಒಂದು. ಬೇಸ್ ಗಿಟಾರಿನ ಟೆರಿಗೂ ಗೊತ್ತು."

ಇದು ನಡೆದದ್ದಾದರೂ ಹೇಗೆ ಎಂದು ನೀನು ಕೇಳಬಹುದು. ಅಪ್ಪ ವೇದಿಕೆಗೆ ಬರುವುದು ಎಲ್ಲರಿಗಿಂತ ಕೊನೆಗೆ. ಅಲ್ಲಿಯವರೆಗೆ ಶೌಚಾಲಯದಲ್ಲಿ ಒಬ್ಬನೇ ನಿಂತು, ಯಾವ ವಾದ್ಯವೂ ಇಲ್ಲದೆ ಗಂಟಲು ಕಾಯಿಸಿಕೊಳ್ಳುತ್ತಾನೆ. ಅದು ಅವನ ಕಾರ್ಖಾನೆ ದಿನಗಳ ಅಭ್ಯಾಸ. ಇವರು ಏನು ನುಡಿಸಿದರೋ ಅದರ ಮೇಲೆ ಏರಿ ಹಾಡಿದ. ಸುಲಭವಾದಾಗಲೆಲ್ಲ, ಈ ವರ್ಷ ಗಂಟಲು ಚೆನ್ನಾಗಿದೆ ಎಂದುಕೊಂಡ.

"ಹತ್ತೊಂಬತ್ತು ವರ್ಷ ನನ್ನನ್ನ ಪೆದ್ದನ್ನ ಮಾಡಿದ್ರಾ?" ಎಂದ ಅಪ್ಪ.

"ಹೇಳಿದ್ರೆ ನೀನು ಒಪ್ತಿದ್ಯಾ?"

"ಹಲ್ಲು ಉದುರಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಹಲ್ಲು ಕಟ್ಟಿಸೋದು ತುಟ್ಟಿ."

"ಯಾರ ತಲೇಲಿ ಹುಟ್ಟಿದ್ದು ಇದು?"

"ನಂದೇ. ಇನ್ಯಾರಿಗಿದೆ ತಲೆ, ಟೆರಿಗಾ?"

ಅಪ್ಪ ಎದ್ದು ಹಿತ್ತಲಿಗೆ ಹೋದ. ಬಾಗಿಲನ್ನು ಬಡಿದುಕೊಂಡೇ ಹೋದ. ನಾನು ಮತ್ತು ನೆವ್ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಐವತ್ತು ವರ್ಷದ ಸ್ನೇಹ ನನ್ನ ಊಟದ ಮೇಜಿನ ಮೇಲೆ ಮುರಿದು ಬಿತ್ತೆಂದೇ ನಾನು ಎಣಿಸಿದ್ದೆ. ಕಿಟಕಿಯಿಂದ ನೋಡಿದರೆ ಅವನು ಕಲ್ಲಿದ್ದಲಿನ ಕೊಟ್ಟಿಗೆಗೆ ಒರಗಿ ನಿಂತಿದ್ದ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಎದ್ದೆ. ಅಷ್ಟರಲ್ಲಿ ಅವನೇ ಒಳಗೆ ಬಂದ. ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಹತ್ತಿತ್ತು. ಎಂದೋ ಕಳೆದುಹೋದ ಕೂಗನ್ನು ಈಗ ಕಳೆದುಕೊಂಡೆನೆಂದು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದನಲ್ಲ, ಅದಕ್ಕೆ ನಗು.

"ಇನ್ನೂ ಎಷ್ಟು ಇಳಿಸ್ಬಹುದೋ?" ಎಂದು ಕೇಳಿದ.

"ತಂತಿ ಜೋತುಬಿದ್ದು ನೆಲ ಗುಡ್ಸೋವರೆಗೂ" ಎಂದ ನೆವ್.

ಲೋರ್ನಾ, ಆ ಕ್ಷಣದಲ್ಲಿ ನನಗೆ ಆದ ಸಮಾಧಾನವನ್ನು ಹೇಗೆ ಬರೆಯಲಿ. ವರದಿ ಬಂದ ದಿನಕ್ಕಿಂತ ಹೆಚ್ಚು ಎಂದರೆ ನೀನು ನಂಬುವುದಿಲ್ಲ.

ಶನಿವಾರ ಇನ್ನೂ ಒಂದೂವರೆ ಸ್ವರ ಇಳಿಸಿ ನುಡಿಸಿದರು. ಅಪ್ಪ ಮೊದಲೇ ಮೈಕಿನಲ್ಲಿ, "ಗಂಟಲು ಕೊಯ್ಸಿಕೊಂಡು ಬಂದಿದೀನಿ, ಎತ್ತರದ್ದು ಬೇಕಾದೋರು ವಾಲ್ಸಾಲ್‌ಗೆ ಹೋಗಿ" ಎಂದುಬಿಟ್ಟ. ಸಭಾಂಗಣ ನಕ್ಕಿತು. ವಾಲ್ಸಾಲ್‌ನ ಹುಡುಗನೂ ಬಂದಿದ್ದ, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. 'ಮೂರನೇ ಕುಲುಮೆ'ಯ ಕೊನೆಗೆ ಅಪ್ಪ ಮೈಕನ್ನು ಜನರ ಕಡೆಗೆ ಚಾಚುತ್ತಾನೆ ಎಂದುಕೊಂಡಿದ್ದೆ. ಅವರು ಕೂಗಿದರೆ ಅವನ ಕೊರತೆ ಮುಚ್ಚುತ್ತದೆ. ಅವನು ಚಾಚಲಿಲ್ಲ. ಕೂಗನ್ನು ಮೇಲಕ್ಕೆ ಎಸೆಯುವ ಬದಲು ಎದೆಯ ತಳಕ್ಕೆ ಇಳಿಸಿ ಹಿಡಿದ. ನನ್ನ ಕುರ್ಚಿಯ ಕಾಲು ಗುಂಯ್‌ಗುಟ್ಟಿತು. ಸುಸ್ತಾಗದೆ, ಕೊರಳ ನರ ಉಬ್ಬದೆ, ಉಸಿರಿರುವಷ್ಟು ಹೊತ್ತು ಹಿಡಿದ.

ಮುಗಿದ ಮೇಲೆ ಜೋಸಯ ಬಂದ. ಕಾರ್ಖಾನೆಯಲ್ಲಿ ಅಪ್ಪನ ಜೊತೆ ಯಂತ್ರದ ಸುತ್ತಿಗೆಯ ಬಳಿ ದುಡಿದವನು. ಈಗ ಎಂಬತ್ತರ ಮೇಲೆ.

"ಇಷ್ಟು ವರ್ಷ ಕಿರುಚ್ತಿದ್ದೆ ಕಣೋ ಡೆಸ್, ಇವತ್ತು ಹಾಡ್ದೆ" ಎಂದ.

"ನಿಂಗೆ ಕಿವೀನೇ ಕೇಳಲ್ವಲ್ಲೋ ಮುದುಕ!"

ಜೋಸಯ ಅವನ ತುಟಿ ನೋಡಿ ಅರ್ಥ ಮಾಡಿಕೊಂಡ. "ಕಿವಿ ಯಾಕೆ ಬೇಕು? ನೆಲ ನಡುಗಿದ್ದು ಕಾಲಿಗೆ ಗೊತ್ತಾಗಲ್ವಾ?" ಎಂದ.

ಅಪ್ಪ ಆ ಮುದುಕನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಟ್ಟ. ಮನೆಗೆ ಬಂದು ಮಾಂಸದುಂಡೆ, ಬಟಾಣಿ ತಿಂದು ಮಲಗಿದ. ಸೆಪ್ಟೆಂಬರಿನಿಂದ ಈಚೆಗೆ ನಡುವೆ ಏಳದೆ ನಿದ್ದೆ ಮಾಡಿದ್ದು ಅದೇ ಮೊದಲು. ಗೊರಕೆಯೂ ಒಂದು ಸ್ವರ ಇಳಿದಿದೆ.

ನಿನ್ನ ಆರೋಗ್ಯ ನೋಡಿಕೋ. ಕಾಲು ಊದಿದರೆ ಕುರ್ಚಿಯ ಮೇಲೆ ಎತ್ತಿಟ್ಟುಕೋ. ಹೆರಿಗೆಗೆ ಇಬ್ಬರೂ ಬರುತ್ತೇವೆ.

ನೆಮ್ಮದಿಯಲ್ಲಿರುವ ನಿನ್ನ ಅಮ್ಮ,
ಬೆರಿಲ್

ತಾ.ಕ.: ತಂತಿ ಇಳಿಸುವ ಉಪಾಯ ನೆವ್‌ನದಲ್ಲ, ನನ್ನದು. ಪೋಲೆಂಡಿನ ಹೋಟೆಲಿನಲ್ಲಿ ಅಪ್ಪ ಬಾಯಿ ಮುಕ್ಕಳಿಸಿ ಹೋದ ಮೇಲೆ ಬೇಸಿನ್ನಿನಲ್ಲಿ ರಕ್ತ ನೋಡಿದೆ. ಊರಿಗೆ ಬಂದವಳೇ ನೆವ್‌ನ ಅಡುಗೆಮನೆಗೆ ಹೋಗಿ, ಅವನಿಗೆ ತಿಳಿಯದ ಹಾಗೆ ತಂತಿ ಇಳಿಸು, ನಾನು ಹೇಳಿದೆ ಅಂತ ಮಾತ್ರ ಅವನಿಗೆ ಗೊತ್ತಾಗಬಾರದು ಎಂದೆ. ಹೆಂಡತಿ ತನ್ನ ಧ್ವನಿಯನ್ನು ನಂಬಲಿಲ್ಲ ಎಂದು ಅವನಿಗೆ ಅನಿಸಬಾರದಿತ್ತು. ನೆವ್ ಇವತ್ತಿಗೂ ಮಾತು ಉಳಿಸಿಕೊಂಡಿದ್ದಾನೆ. ಅಪ್ಪ ಈಗ ಸಿಕ್ಕವರಿಗೆಲ್ಲ, ನೆವ್‌ನಂಥ ಗೆಳೆಯ ಯಾರಿಗೂ ಸಿಗಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಿಕೊಳ್ಳಲಿ ಬಿಡು. ಅದೂ ನಿಜವೇ.