ಟಗರಿನ ಕಿವಿ ಹಿಡಿದವಳು

ಘೋಡಗೇರಿ

ತಮ್ಮಾ ಬೀರಸಿದ್ದ,

ಮೊಬೈಲ್ ಮಳೆಯಲ್ಲಿ ಸತ್ತಿದೆ, ಅದಕ್ಕೇ ಕಾರ್ಡು. ಕುರಿ ಮೇಯಿಸುತ್ತ ಬಂದ ಈ ಹೊಸ ಊರಲ್ಲಿ ನಿನ್ನೆ ಬಿದ್ದ ಆಣೆಕಲ್ಲು ನೀನು ನೋಡಬೇಕಿತ್ತು! ಒಂದೊಂದೂ ಲಿಂಬೆಹಣ್ಣಿನ ಗಾತ್ರ! ನಮ್ಮ ಕಾಲದಲ್ಲಿ ಹುಣಸೆಬೀಜದಷ್ಟು ಬಿದ್ದರೆ ಹೆಚ್ಚು. ಮೋಡ ಕಂಡೊಡನೆ, ಅಪ್ಪ ಮಾಡುತ್ತಿದ್ದಂತೆ, ಕುರಿಗಳನ್ನು ಬೇವಿನ ಮರದ ಕೆಳಗೆ ಕೂಡಿಸಿದೆ. ನಾನು ಕುರಿ ಬಿಟ್ಟಿದ್ದ ಹೊಲದವರ ಸೊಸೆ ಭಾಗ್ಯಾ ಓಡಿ ಬಂದಳು.

"ಮುತ್ಯಾ, ಸಿಡ್ಲಿನ್ಯಾಗ ಗಿಡದ ಬುಡಕ ನಿಂದರ್ತಾರೇನ್ರಿ? ಈಗಿನ ಕಾವಿಗೆ ಮೋಡ ಮೊದಲಿನಂಗಿಲ್ರಿ, ಒಮ್ಮಿಗೇ ಉಬ್ಬಿ ಒಮ್ಮಿಗೇ ಬಡೀತಾವು!"

"ಕುರಿ ಕಾಯಾವಗ ಮಳಿ ಬಗ್ಗೆ ಕಲಿಸಾಕ ಬಂದಿಯೇನ? ಹೋಗಾಚೆ!" ಎಂದೆ.

ಆಕೆ ನಮ್ಮ ಟಗರಿನ ಕಿವಿ ಹಿಡಿದು ದರದರ ತಮ್ಮ ಕೊಟ್ಟಿಗೆಗೆ ಎಳೆದಳು. ಟಗರು ಹೋದ ಮೇಲೆ ಕುರಿ ನಿಲ್ಲುತ್ತವೆಯೇ? ಎಲ್ಲವೂ ಹಿಂದೆ ಓಡಿದವು, ಆಣೆಕಲ್ಲಿನ ಏಟು ತಿನ್ನುತ್ತ, ಬೈಯುತ್ತ ನಾನೂ. ಕೊನೆಯ ಕುರಿ ಒಳಗೆ ಬಂದದ್ದೇ ತಡ, ಸಿಡಿಲು ಬಡಿದು ಬೇವು ಸೀಳಿ ಎರಡಾಯಿತು!

ಕುರಿ ಎಲ್ಲ ಸುಖ. ನನ್ನ ತಲೆ ಮೇಲೆ ಬುಗುಟು ಎದ್ದಿದೆ, ನನ್ನಾಕೆಗೆ, ನಿನ್ನ ವೈನಿಗೆ, ಹೇಳಬೇಡ. ಮೂಡಲಗಿಯಲ್ಲಿ ನೀನೂ ಹುಣಸೆ ಮರಕ್ಕೇ ಟಗರು ಕಟ್ಟುತ್ತೀ. ಅಪ್ಪ ಕಲಿಸಿದ್ದು ಅಂದರೆ ಬಂದು ಒದೆಯುತ್ತೇನೆ. ಕಾರ್ಡು ಆಮೇಲೆ ಇಡು, ಮೊದಲು ಎದ್ದು ಹೋಗಿ ಆ ಟಗರನ್ನು ಬಿಚ್ಚು.

ನಿನ್ನಣ್ಣ ಲಗಮಪ್ಪ