ಏಳನೇ ನಂಬರಿನ ಅತಿಥಿ

ಡನ್‌ಡಾಕ್, ಐರ್ಲೆಂಡ್
೧೮ ಫೆಬ್ರವರಿ ೨೦೨೧

ಕಮಲಕ್ಕನಿಗೆ ಶರ್ಮಿಳಾಳ ನಮಸ್ಕಾರ.

ಎರಡು ತಿಂಗಳಿಂದ ನಿನ್ನ ಫೋನಿಗೆಲ್ಲ ‘ಆಮೇಲೆ ಮಾಡ್ತೀನಿ’ ಅಂತ ಮೆಸೇಜ್ ಹಾಕಿ ಸುಮ್ಮನಾಗಿಬಿಟ್ಟೆ. ಕೋಪ ಬಂದಿರುತ್ತೆ, ಬೈದುಕೋ. ನನ್ನ ದನಿ ಕೇಳಿದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತೆ ಅಂತ ಕಾಗದ ಹಿಡಿದು ಕೂತಿದ್ದೀನಿ.

ನಾನು ಕೆಲಸ ಮಾಡೋ ಹೋಟೆಲನ್ನ ಫೋಟೋದಲ್ಲಿ ನೋಡಿದ್ದೀಯಲ್ಲ. ಡಬ್ಲಿನ್ನಿಂದ ಬೆಲ್‌ಫಾಸ್ಟಿಗೆ ಹೋಗೋ ಸಾರೋಟುಗಳು ಹಿಂದೆ ಇಲ್ಲಿ ನಿಂತು ಕುದುರೆ ಬದಲಾಯಿಸ್ತಿದ್ದವಂತೆ. ಇನ್ನೂರು ವರ್ಷದಿಂದ ದಾರಿಹೋಕರಿಗೆ ಊಟ, ಹಾಸಿಗೆ ಕೊಡ್ತಾ ಬಂದ ಜಾಗ. ಈಗ ಕೊರೊನಾ ಲಾಕ್‌ಡೌನು, ಹದಿನಾಲ್ಕು ರೂಮೂ ಖಾಲಿ. ಅಗತ್ಯ ಕೆಲಸದ ಮೇಲೆ ಬಂದವರಿಗೆ ಮಾತ್ರ ರೂಮು ಕೊಡಬಹುದು. ಯಜಮಾನಿ ಬರ್ನಡೆಟ್‌ಗೆ ಎಪ್ಪತ್ತೆಂಟು, ಮಹಡಿ ಬಿಟ್ಟು ಇಳಿಯೋದೇ ಇಲ್ಲ. ಗಂಡ ಹೆಂಡತಿ ಅಂದರೂ ನಾನಿಲ್ಲಿ, ಪೃಥ್ವಿ ದೂರದಲ್ಲಿ, ಕೆಲಸದ ಊರು ಕಾರ್ಕಲ್ಲಿ. ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟೋ ಹಾಗಿಲ್ಲ. ಪೈಪಲ್ಲಿ ನೀರು ನಿಂತು ಕೆಡಬಾರದು ಅಂತ ದಿನಾ ಒಂದೊಂದು ರೂಮಿಗೂ ಹೋಗಿ ನಲ್ಲಿ ಬಿಟ್ಟು ನೀರು ಹರಿಸಿ ಬರ್ತೀನಿ. ಅದೊಂದೇ ಸದ್ದು.

ಕಳೆದ ವಾರ ಒಬ್ಬರು ಬಂದರು. ಡೆಕ್ಲನ್ ಅಂತ, ವಯಸ್ಸಾದ ಬಡಗಿ. ಊರು ದೂರ. ಹೆಂಡತಿಗೆ ಹೃದಯದ ಕಾಯಿಲೆ, ಇಲ್ಲಿನ ಆಸ್ಪತ್ರೆಗೆ ಸೇರಿಸಿದ್ದಾರೆ. ನಾನು ನಿಯಮ ಹೇಳಿದೆ, ಆಸ್ಪತ್ರೆಯಲ್ಲೂ ಯಾರನ್ನೂ ಬಿಡೋದಿಲ್ಲ ಅಂದೆ. ಅವರು ವಾದ ಮಾಡಲಿಲ್ಲ.

“ಒಳಗೆ ಹೋಗೋದು ಬೇಡ. ಕಿಟಕಿ ಕೆಳಗೆ ನಿಂತಿದ್ದೀನಿ ಅಂತ ಅವಳಿಗೆ ಗೊತ್ತಾದರೆ ಸಾಕು.”

ಮಹಡಿಗೆ ಫೋನ್ ಮಾಡಿ ಕೇಳಿದೆ. ಬರ್ನಡೆಟ್, “ಗ್ರ್ಯಾಂಡ್. ಏಳನೇ ನಂಬರ್ ಕೀ ಕೊಡು” ಅಂದರು. ಇಲ್ಲಿಯವರು ‘ಆಗಲಿ’ ಅನ್ನೋದಕ್ಕೆ ಗ್ರ್ಯಾಂಡ್ ಅಂತಾರೆ. ರಿಜಿಸ್ಟರಲ್ಲಿ ‘ಬಡಗಿ, ರಿಪೇರಿ ಕೆಲಸ’ ಅಂತ ಬರೆದೆ. ಬರೆಯುವಾಗ ನನ್ನ ವೀಸಾ ಕಣ್ಣಮುಂದೆ ಬಂತು.

ಮೂರನೇ ದಿನ ಪೊಲೀಸರು ಬಂದು, ಯಾರು ಉಳಿದುಕೊಂಡಿದ್ದಾರೆ ಅಂತ ಕೇಳಿದರು. ಬರೆದಿದ್ದನ್ನೇ ಹೇಳಿ ಕಳಿಸಿದೆ. ಡೆಕ್ಲನ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಾರೆ. ಕಾರಿನಿಂದ ಉಳಿ, ಸುತ್ತಿಗೆ ತಂದು, ವರ್ಷಗಳಿಂದ ಜೋತುಬಿದ್ದಿದ್ದ ಹಳೇ ಲಾಯದ ಬಾಗಿಲನ್ನ ಬಿಚ್ಚಿ ರಿಪೇರಿಗೆ ಕೂತರು. ನನ್ನ ಮಾತು ಸುಳ್ಳಾಗಬಾರದಂತೆ. ಆಮೇಲೆ ಬೆಳಿಗ್ಗೆಯೆಲ್ಲ ಬಾಗಿಲು, ಮಧ್ಯಾಹ್ನ ಆಸ್ಪತ್ರೆಯ ಕಿಟಕಿ.

ಭಾನುವಾರ ಆಸ್ಪತ್ರೆಯಿಂದ ಕರೆ ಬಂತು. ಕೊನೆಗೆ ಹತ್ತು ನಿಮಿಷ ಒಳಗೆ ಬಿಟ್ಟರಂತೆ. ಮಧ್ಯಾಹ್ನವೇ ಆಕೆ ತೀರಿಕೊಂಡರು. ವಾಪಸ್ ಬಂದವರಿಗೆ ಅನ್ನ, ತಿಳಿಸಾರು ಬಡಿಸಿದೆ. ಪೂರ್ತಿ ಊಟ ಮಾಡಿ, “ದಿನಾ ನಿಂತಿದ್ದನ್ನ ಅವಳು ನೋಡಿದ್ದಳು” ಅಂದರು. ಮಾರನೇ ದಿನ ಹೊರಟುಹೋದರು.

ಏಳನೇ ರೂಮಿನ ಹಾಸಿಗೆ ಬಟ್ಟೆ ತೆಗೆಯೋಕೆ ಹೋದವಳು ಅಲ್ಲೇ ಕೂತು ಅತ್ತುಬಿಟ್ಟೆ, ಅಕ್ಕ. ಯಾಕೆ ಅಂತ ಕೇಳೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಭಾವನಿಗೆ ನಮಸ್ಕಾರ, ನಿಸರ್ಗಾಗೆ ಮುದ್ದು. ದೊಡ್ಡವಳು ನೀನು, ಅಲ್ಲಿಂದಲೇ ನನ್ನ ತಲೆ ಮೇಲೆ ಕೈಯಿಟ್ಟು ಹರಸು.

ನಿನ್ನ
ಶರ್ಮಿ

ತಾ.ಕ.: ಅಕ್ಕ, ಕುಲಾವಿ ಹೆಣೆಯೋದು ನಿಲ್ಲಿಸು. ಡಿಸೆಂಬರಲ್ಲೇ, ನಾಲ್ಕು ತಿಂಗಳಿಗೇ, ಮಗು ಹೋಯ್ತು. ಕಾರ್ಕಿಂದ ಓಡಿಬಂದ ಪೃಥ್ವಿಯನ್ನ ಆಸ್ಪತ್ರೆಯೊಳಗೆ ಬಿಡಲಿಲ್ಲ. ಆರು ಗಂಟೆ ಹೊತ್ತು ಹೊರಗೆ ಕಾರಲ್ಲಿ ಕೂತಿದ್ದ. ಒಬ್ಬಳೇ ನೋವು ತಿಂದ ಸಿಟ್ಟಲ್ಲಿ, ‘ನೀನೆಲ್ಲಿದ್ದೆ’ ಅಂತ ಕೇಳಿಬಿಟ್ಟೆ. ಅವತ್ತಿಂದ ಅವನು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನಿನ್ನೆ ನಾನೇ ಫೋನ್ ಮಾಡಿದೆ. ರಿಂಗ್ ಆಯ್ತು, ಎತ್ತಲಿಲ್ಲ. ಇವತ್ತು ಮತ್ತೆ ಮಾಡ್ತೀನಿ.